ಸಂಕೇತ ಎನ್ನುವ ಮೊದಲು

ಪ್ರೀತಿಯ ತಂಗಿ,

ಆಧುನಿಕ ಕಲೆಯಲ್ಲಿ ಮನುಷ್ಯನ ಭಂಗಿಗಳ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಹದವಾಗಿದೆ. ಆದರೆ ಎತ್ತಿದ ಕೈ ಕಂಡಲ್ಲೆಲ್ಲ ‘ಪ್ರತಿಭಟನೆಯ ಸಂಕೇತ’, ಬಾಗಿದ ತಲೆ ಕಂಡಲ್ಲೆಲ್ಲ ‘ದುಃಖದ ಸಂಕೇತ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ನನ್ನ ತಕರಾರು ಇಷ್ಟೇ.

ದೇವರ ವಿಗ್ರಹದ ಅಭಯಹಸ್ತಕ್ಕೆ ಯಾರೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಶಿಲ್ಪಿಗೂ ಭಕ್ತರಿಗೂ ಅದು ತಲೆಮಾರುಗಳಿಂದ ಗೊತ್ತು. ಆಧುನಿಕ ಕಲಾವಿದರಿಗೆ ಆ ಆಸರೆ ಕಡಿಮೆ. ಭಂಗಿಯ ಅರ್ಥವನ್ನು ಅವರೇ ದುಡಿದು ಗಳಿಸಬೇಕು. ನೀನು ಬರೆಯಬೇಕಾದದ್ದು ಆ ದುಡಿಮೆಯನ್ನು.

ನೀನು ಒಂದೇ ಸಾಲಿನಲ್ಲಿ ಮುಗಿಸಿದ ಜರ್ಮನಿಯ ಕಲಾವಿದೆ ಕೇಟೆ ಕೋಲ್‌ವಿಟ್ಸ್ ಅವರನ್ನೇ ನೋಡು. ಮಗ ಪೀಟರ್ ಸೈನ್ಯ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ಮನಸ್ಸಿಲ್ಲದ ಗಂಡನನ್ನು ಒಪ್ಪಿಸಿದ್ದು ಕೇಟೆಯೇ. 1914ರ ಅಕ್ಟೋಬರ್‌ನಲ್ಲಿ, ಹದಿನೆಂಟರ ಹುಡುಗ ಬೆಲ್ಜಿಯಂನ ರಣರಂಗದಲ್ಲಿ ಸತ್ತ. ಅವನಿಗಾಗಿ ಅವರು ಮೊದಲು ಯೋಚಿಸಿದ ಸ್ಮಾರಕದಲ್ಲಿ ಮಲಗಿದ ಮಗನ ದೇಹವೂ ಇತ್ತು. ವರ್ಷಗಟ್ಟಲೆ ತಿದ್ದಿ, ಕೈಬಿಟ್ಟು, ಮತ್ತೆ ಹಿಡಿದು 1932ರಲ್ಲಿ ಅದು ಸೈನಿಕರ ಸ್ಮಶಾನದಲ್ಲಿ ನೆಲೆಯಾದಾಗ ಮಗನ ಆಕೃತಿ ಇರಲಿಲ್ಲ. ಮಂಡಿಯೂರಿದ ತಂದೆ ತಾಯಿ ಇಬ್ಬರೇ. ತಂದೆ ನೆಟ್ಟಗೆ ಕೂತು, ಎರಡೂ ತೋಳುಗಳಿಂದ ತನ್ನನ್ನೇ ಬಿಗಿಯಾಗಿ ಅವುಚಿಕೊಂಡಿದ್ದಾನೆ. ತಾಯಿ ಮುಂದಕ್ಕೆ ಕುಸಿದಂತೆ ಬಾಗಿದ್ದಾಳೆ. ಇಬ್ಬರದೂ ಬೇರೆ ಬೇರೆ ಪೀಠ, ಒಬ್ಬರ ಕೈ ಇನ್ನೊಬ್ಬರಿಗೆ ತಾಕುವುದಿಲ್ಲ. ಆ ಒಪ್ಪಿಗೆಯ ಕಥೆ ಗೊತ್ತಿರುವ ನನಗೆ ತಾಯಿಯ ಬಾಗುವಿಕೆಯಲ್ಲಿ ದುಃಖದ ಜೊತೆಗೆ ಕ್ಷಮೆಯ ಬೇಡಿಕೆಯೂ ಕಾಣುತ್ತದೆ. ‘ದುಃಖದ ಸಂಕೇತ’ ಎಂದರೆ ಇದೆಲ್ಲ ಎಲ್ಲಿ ಹೋಯಿತು?

ಪಿಕಾಸೊ ಭಾಗವನ್ನಂತೂ ಪೂರ್ತಿ ಹೊಸದಾಗಿ ಬರೆ. ಅವನ ‘ಗೆರ್ನಿಕಾ’ ಚಿತ್ರದ ಬಲತುದಿಯಲ್ಲಿ ಕೈಯೆತ್ತಿದ ಆಕೃತಿಯ ಪಕ್ಕದಲ್ಲಿ, ಸ್ಪೇನಿನ ಚಿತ್ರಕಾರ ಗೋಯಾ 1814ರಲ್ಲಿ ಚಿತ್ರಿಸಿದ ಬಿಳಿ ಅಂಗಿಯವನನ್ನು ಇಟ್ಟುಕೊಂಡು ನೋಡು. ಅವನೂ ಕೈಯೆತ್ತಿದ್ದಾನೆ, ಆದರೆ ಕೊಲ್ಲುವವರು ಅವನೆದುರಿಗೇ ಬಂದೂಕು ಹಿಡಿದು ನಿಂತಿದ್ದಾರೆ. ಪಿಕಾಸೊನ ಆಕೃತಿ ತಲೆಯನ್ನು ಹಿಂದಕ್ಕೆ ಚೆಲ್ಲಿ ಮೇಲಕ್ಕೆ ಕೂಗುತ್ತದೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿಗೆ ಸಾವು ಬಂದದ್ದು ಬಾಂಬ್ ಹಾಕಿದ ವಿಮಾನಗಳಿಂದ. ಇಬ್ಬರ ಕೈಗಳೂ ಮೇಲೆದ್ದಿವೆ, ಎದುರಾಳಿ ಇರುವ ದಿಕ್ಕು ಮಾತ್ರ ಬದಲಾಗಿದೆ. ಅಲ್ಲಿಂದ ಶುರು ಮಾಡಿ ಬರೆದು ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ