ಇಲಸ್ಟ್ರೇಶನ್ ಫೋಲಿಯೊ: ಸ್ಕ್ಯಾನ್‌ಗೆ ಮುಂಚೆ ಓದಿ

ಎಲ್ಲರೂ ಗಮನಿಸಿ. ಫೋಲಿಯೊಗೆ (ನಿಮ್ಮ ಕೆಲಸಗಳ ಸಂಗ್ರಹ) ಫೈನಲ್ ಚಿತ್ರ ಮಾತ್ರ ಸಾಲದು. ಥಂಬ್‌ನೇಲ್ (ಮೊದಲ ಪುಟ್ಟ ಸ್ಕೆಚ್), ಪೆನ್ಸಿಲ್ ರಫ್, ಕಲರ್ ಟ್ರಯಲ್ ಎಲ್ಲ ಮಾಡಿದ ಕ್ರಮದಲ್ಲೇ ಇರಲಿ. ತಿದ್ದಿದ ಹಾಳೆ ಎಸೀಬೇಡಿ, ಯೋಚನೆ ಎಲ್ಲಿ ತಿರುಗಿತು ಅಂತ ಕಾಣೋದು ಅದರಲ್ಲೇ.

ವಾಟರ್‌ಕಲರ್‌ನವರು: 300 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ತೆಳು ಹಾಳೆ ಉಬ್ಬಿರುತ್ತೆ. ಹಿಂಬದಿಗೆ ಸ್ಪಂಜಲ್ಲಿ ತೆಳುವಾಗಿ ನೀರು ಸವರಿ, ಎರಡು ಬಿಳಿ ಹಾಳೆ ನಡುವೆ ಇಟ್ಟು, ಮೇಲೆ ಬೋರ್ಡು, ಭಾರ ಹೇರಿ ರಾತ್ರಿಯಿಡೀ ಬಿಡಿ. ಉಬ್ಬಿದ್ದನ್ನೇ ಸ್ಕ್ಯಾನ್ ಮಾಡಿದ್ರೆ ಬೂದು ನೆರಳು ಬೀಳುತ್ತೆ; ಅದನ್ನ ಲೆವೆಲ್ಸ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರಲ್ಲಿ ತಿಳಿ-ಗಾಢ ಸರಿಮಾಡೋ ಟೂಲ್) ತೆಗೆಯೋಕೆ ಹೋದ್ರೆ ತಿಳಿ ವಾಶೂ (ನೀರುನೀರಾದ ಬಣ್ಣದ ಪದರ) ಜೊತೆಗೇ ಹೋಗುತ್ತೆ.

ಬಣ್ಣದ್ದು 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಬರೀ ಇಂಕ್ ಗೆರೆಯದ್ದು 600. ಆಟೋ ಕರೆಕ್ಷನ್ ಆಫ್ ಮಾಡಿ. ಎ3 ಹಾಳೆಯನ್ನ ಎ4 ಸ್ಕ್ಯಾನರಲ್ಲಿ ಎರಡು ಭಾಗ ಮಾಡುವಾಗ 2-3 ಸೆಂ.ಮೀ. ಎರಡರಲ್ಲೂ ಬರಲಿ. ಎರಡನೇ ಭಾಗಕ್ಕೆ ಹಾಳೆಯನ್ನ ತಲೆಕೆಳಗು ತಿರುಗಿಸಬೇಡಿ, ಜರುಗಿಸಿ ಸಾಕು. ಸ್ಕ್ಯಾನರ್ ಬೆಳಕು ಒಂದೇ ಕಡೆಯಿಂದ ಬೀಳೋದರಿಂದ, ತಿರುಗಿಸಿದ್ರೆ ಕಾಗದದ ತರಿ ಉಲ್ಟಾ ಕಂಡು ಜೋಡಣೆ ಎದ್ದು ಕಾಣುತ್ತೆ. (ಸ್ಕ್ಯಾನರ್ ಮುಚ್ಚಳ ಅಡ್ಡ ಬಂದ್ರೆ ತೆಗೆದಿಡಿ, ಬಹಳಷ್ಟು ಮಾಡೆಲ್‌ಗಳಲ್ಲಿ ಕಳಚುತ್ತೆ.)

ಪ್ರಿಂಟಿಗೆ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗೋ ಹೆಚ್ಚುವರಿ ಚಿತ್ರ) ಬಿಡಿ, ಅಕ್ಷರಗಳು ಕತ್ತರಿಸೋ ಅಂಚಿಂದ 5 ಮಿ.ಮೀ. ಒಳಗಿರಲಿ. ಸ್ಕ್ರೀನಲ್ಲಿ ಹೊಳೆಯೋ ಗಿಳಿಹಸಿರು, ನೀಲಿ ಸಿಎಂವೈಕೆಯಲ್ಲಿ (ಪ್ರಿಂಟಿನ ನಾಲ್ಕು ಇಂಕ್‌ಗಳಲ್ಲಿ) ಮಂಕಾಗುತ್ತೆ. ಪೂರ್ತಿ ಸೆಟ್ ಕೊಡೋ ಮುಂಚೆ ಒಂದು ಹಾಳೆ ಪ್ರಿಂಟ್ ತೆಗೆಸಿ, ಹಗಲು ಬೆಳಕಲ್ಲಿ ನೋಡಿ.