ಮುದ್ದೆಗೆ ಚಮಚ ಕೇಳಿದವನ ಕೃತಜ್ಞತೆ

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಿಗ್ಗೆ ಶರ್ಟಿನ ಗುಂಡಿ ನಾನೇ ಹಾಕಿಕೊಂಡೆ. ಕುತ್ತಿಗೆ ಹತ್ತಿರದ್ದು ಹತ್ತು ನಿಮಿಷ ಸತಾಯಿಸಿತು, ಆದರೂ ಬಿಡಲಿಲ್ಲ. ಆಮೇಲೆ ಒಲೆ ಹಚ್ಚಿ, ಹಾಲು ಕಾಯಿಸಿ, ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಕಾಫಿ ಕುಡಿದೆ. ನಾಲ್ಕು ತಿಂಗಳಾಗಿತ್ತು. ಇದು ಆದ ದಿನವೇ ನಿಮಗೆಲ್ಲ ಬರೆಯಬೇಕು ಅಂದುಕೊಂಡಿದ್ದೆ. ಬಲಗೈಯ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೊತ್ತಿಲ್ಲದವರಿಗೆ ಒಂದು ಮಾತು. 2024ರ ಡಿಸೆಂಬರ್ 22ರಂದು, ಕ್ರಿಸ್ಮಸ್‌ಗೆ ಮೂರು ದಿನ ಇರುವಾಗ, ನಮ್ಮ ಚರ್ಚಿನ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮೇಲೆ ನಕ್ಷತ್ರ ಕಟ್ಟಲು ಏಣಿ ಹತ್ತಿದೆ. ನನಗೆ 61. ಕೆಳಗೆ ಐದಾರು ಹುಡುಗರು ನಿಂತಿದ್ದರು. "ಸರ್, ನೀವು ಇಳೀರಿ, ನಾವು ಕಟ್ತೀವಿ" ಅಂದರು. "ನಿಮಗೆ ನೆಟ್ಟಗೆ ಕಟ್ಟೋಕೆ ಬರಲ್ಲ" ಅಂದೆ. ಏಣಿ ಜಾರಿತು. ಕೈ ಊರಿ ಬಿದ್ದೆ, ಎರಡೂ ಮಣಿಕಟ್ಟು ಮುರಿಯಿತು. ಎಡಗೈಗೆ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು, ಬಲಗೈಗೆ ಆರು ವಾರ ಪ್ಲಾಸ್ಟರ್. ನಕ್ಷತ್ರವನ್ನು ಆಮೇಲೆ ಅದೇ ಹುಡುಗರು ಕಟ್ಟಿದರಂತೆ. ನೆಟ್ಟಗೇ ಇತ್ತಂತೆ.

ಒಂದು ಕೈ ಮುರಿದರೆ ಇನ್ನೊಂದಿದೆ. ಎರಡೂ ಹೋದರೆ ಮೂಗು ಕೆರೆದುಕೊಳ್ಳಲೂ ಯಾರನ್ನಾದರೂ ಕೂಗಬೇಕು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮಗಳು ಮಸ್ಕತ್‌ನಲ್ಲಿದ್ದಾಳೆ. ಅವಳು ಹದಿನೈದು ದಿನ ರಜೆ ಹಾಕಿ ಬಂದು ಹೋದಳು. ಅಲ್ಲಿಂದಾಚೆಗೆ ನನ್ನನ್ನು ನೋಡಿಕೊಂಡವರು ನೀವು. ಬಚ್ಚಲಮನೆಯ ವಿಷಯ ಬರೆಯುವುದಿಲ್ಲ. ಮಾಡಿದವರಿಗೆ ಗೊತ್ತು, ಅವರಿಗೆ ನನ್ನ ಎರಡೂ ಕೈ ಜೋಡಿಸಿ ನಮಸ್ಕಾರ. ಈಗ ಜೋಡಿಸೋಕೆ ಬರುತ್ತೆ.

ಕೃತಜ್ಞತೆ ಬರೆಯಲು ಕೂತರೆ ನನಗೆ ಒಂದು ಹೆದರಿಕೆ. ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ಬರ ಕಥೆ ಇದೆಯಲ್ಲ, ಒಬ್ಬ ಫರಿಸಾಯ, ಅಂದರೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸುವವನು, ಇನ್ನೊಬ್ಬ ಜನರ ಕಣ್ಣಲ್ಲಿ ಪಾಪಿಯಾದ ಸುಂಕದವನು. ಫರಿಸಾಯನ ಪ್ರಾರ್ಥನೆ ಶುರುವಾಗುವುದೇ ಕೃತಜ್ಞತೆಯಿಂದ. ದೇವರೇ, ನಾನು ಬೇರೆಯವರ ಹಾಗಿಲ್ಲ, ಅದಕ್ಕೆ ನಿನಗೆ ವಂದನೆ ಅನ್ನುತ್ತಾನೆ. ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ಆದರೂ ದೇವರು ಮೆಚ್ಚಿದ್ದು ಅವನನ್ನಲ್ಲ, ಸುಂಕದವನನ್ನು. ಇದನ್ನು ಧರ್ಮೋಪದೇಶದ ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ವಿಷಯ ಮಾತ್ರ ತಲೆಗೆ ಹೋಗಿರಲಿಲ್ಲ: ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಉಪವಾಸ ಮಾಡಿದ್ದು ನಿಜ, ಕೊಟ್ಟಿದ್ದೂ ನಿಜ. ನನ್ನದೂ ಎಲ್ಲಾ ನಿಜವೇ ಆಗಿತ್ತು. ಗಾನವೃಂದ 19 ವರ್ಷ ನಡೆಸಿದ್ದು ನಿಜ. ಮಳೆ ಬರಲಿ ಬಿಸಿಲಿರಲಿ ತಿಂಗಳಿಗೊಮ್ಮೆ ಬಡವರ ಮನೆಗೆ ಅಕ್ಕಿ ತಲುಪಿಸಿದ್ದೂ ನಿಜ.

ಆ ಅಕ್ಕಿಯ ಕಥೆಗೇ ಬರುತ್ತೇನೆ.

ನಮ್ಮಲ್ಲಿ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಇದೆ, ನಿಮಗೆ ಗೊತ್ತು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಂ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು. ಸುಮ್ನೆ ದುಡ್ಡು ಕಳಿಸಿ ಕೈ ತೊಳೆದುಕೊಳ್ಳುವ ಕೆಲಸ ಅಲ್ಲ ಅದು. ಬಡವರ ಮನೆಗೆ ಹೋಗಬೇಕು, ಕೂರಬೇಕು, ಮಾತಾಡಬೇಕು. ನಾನು ಹೋಗುತ್ತಿದ್ದೆ. ಕೂರುತ್ತಿರಲಿಲ್ಲ. ಹೊಸ್ತಿಲಾಚೆ ನಿಂತು ಚೀಲ ಇಳಿಸಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ.

ಆ ನೋಟ್‌ಬುಕ್ಕಿನಲ್ಲಿ ಸೊಪ್ಪಿನಮ್ಮನ ಹೆಸರೂ ಇತ್ತು. ಬೀದಿ ಬೀದಿ ಸೊಪ್ಪು ಮಾರುವ ಅವರನ್ನು ಊರೆಲ್ಲಾ ಕರೆಯುವುದೇ ಹಾಗೆ. ಜನವರಿ ಮೊದಲ ವಾರ, ಮಗಳು ಹೊರಟ ಮಾರನೇ ದಿನ, ಬುಟ್ಟಿಯನ್ನು ನಮ್ಮ ಜಗಲಿ ಮೇಲೆ ಇಟ್ಟು ಸೀದಾ ಅಡುಗೆಮನೆಗೆ ಹೋದರು. ಕೇಳಲೂ ಇಲ್ಲ. ಮುದ್ದೆ ತಿರುವಿದರು, ಬಸ್ಸಾರು ಮಾಡಿದರು, ತಟ್ಟೆ ತಂದು ನನ್ನ ಮುಂದೆ ಕೂತರು. "ಒಂದು ಚಮಚ ತಗೊಂಡು ಬಾ" ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಮುದ್ದೆನ ಯಾರಾದ್ರೂ ಚಮಚದಾಗೆ ತಿಂತಾರಾ ಮೇಷ್ಟ್ರೇ?"

ಚಮಚ ಕೇಳಿದ್ದು ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ಅವರ ಬೆರಳು ನನ್ನ ಬಾಯಿಗೆ ತಗಲಬಾರದು ಅಂತ.

ಅವರು ಬಿಸಿ ಮುದ್ದೆಯಿಂದ ಹೆಬ್ಬೆರಳು ಗಾತ್ರದ ತುತ್ತು ಮುರಿದರು, ಉಂಡೆ ಕಟ್ಟಿದರು, ಸಾರಿನಲ್ಲಿ ಹೊರಳಿಸಿದರು, ಕೆಳಗೆ ಎಡಗೈ ಅಡ್ಡ ಹಿಡಿದು ಬಾಯಿಗೆ ತಂದರು. ಬೆರಳ ಸಂದಿಯಲ್ಲಿ ದಂಟಿನ ಸೊಪ್ಪಿನ ಕೆಂಪು ಕಲೆ. ನಾನು ಬಾಯಿ ತೆರೆದೆ. ನಾಲ್ಕನೇ ತುತ್ತಿಗೋ ಐದನೇ ತುತ್ತಿಗೋ ಅವರು ಅಂದರು: "ಹತ್ತ್ ವರ್ಸ ಅಕ್ಕಿ ತಂದ್ ಕೊಟ್ರಿ. ನಮ್ಮನೇಲಿ ಒಂದ್ ಲೋಟ ನೀರು ಕುಡೀಲಿಲ್ಲ ನೀವು. ಈಗ ನೋಡಿ." ಕುಹಕ ಏನಿರಲಿಲ್ಲ ಆ ಮಾತಲ್ಲಿ. ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಹೇಳಿದರು. ನನಗೆ ಮಾತ್ರ ತುತ್ತು ಗಂಟಲಲ್ಲೇ ನಿಂತಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು. ಹತ್ತು ವರ್ಷವೂ ಅವರನ್ನು 'ನೀನು', 'ಬಾ', 'ಹೋಗು' ಅಂತಲೇ ಮಾತಾಡಿಸಿದ್ದೆ. ಅವರು 'ನೀವು' ಅನ್ನುತ್ತಿದ್ದರು. ಕನ್ನಡದಲ್ಲಿ ಗರ್ವಕ್ಕೆ ದೊಡ್ಡ ದೊಡ್ಡ ಮಾತು ಬೇಕಿಲ್ಲ, ಕ್ರಿಯಾಪದದ ಬಾಲ ಸಾಕು. ನಾನು ಕನ್ನಡ ಮೇಷ್ಟ್ರು ಬೇರೆ!

ಆ ರಾತ್ರಿ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ನೆನಪಾಯಿತು. ಯೇಸು ಊಟದಿಂದ ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಪೇತ್ರ ಬೇಡ ಅನ್ನುತ್ತಾನೆ, ನೀವು ನನ್ನ ಕಾಲು ತೊಳೆಯುವುದು ಯಾವತ್ತಿಗೂ ಆಗದು ಅಂತ. ಅದನ್ನು ಪೇತ್ರನ ವಿನಯ ಅಂತ ನಾನು ಪಾಠ ಮಾಡುತ್ತಿದ್ದೆ. ವಿನಯವಾಗಿದ್ದರೆ ಯೇಸು ಅಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದರು, ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ? ಕೊಡುವುದು ಸುಲಭ. ಕೊಡುವವನು ಮೇಲೆ ನಿಂತಿರುತ್ತಾನೆ. ತೆಗೆದುಕೊಳ್ಳಲು ಕೂರಬೇಕಾಗುತ್ತದೆ. ದೇವರ ಕೃಪೆಯೂ ತೆಗೆದುಕೊಳ್ಳುವ ವಸ್ತುವೇ ತಾನೇ? ನಿಂತೇ ಇರುತ್ತೇನೆ ಅನ್ನುವವನಿಗೆ ಅದನ್ನು ಎಲ್ಲಿ ಹಾಕುವುದು?

ಹಿಂದಿನವರಿಗೆ ಇದೆಲ್ಲಾ ಚೆನ್ನಾಗಿ ಗೊತ್ತಿತ್ತು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಅನ್ನುವ ಸನ್ಯಾಸಿ ಮನುಷ್ಯನನ್ನು ಕೆಡಿಸುವ ಎಂಟು ಯೋಚನೆಗಳ ಪಟ್ಟಿ ಮಾಡಿದ. ಮೊದಲನೆಯದು ಹೊಟ್ಟೆಬಾಕತನ, ಕೊನೆಯದು ಗರ್ವ. ಚಿಕ್ಕದು ಅಂತ ಕೊನೆಗಿಟ್ಟಿದ್ದಲ್ಲ. ಉಳಿದದ್ದನ್ನು ಗೆಲ್ಲುತ್ತಾ ಬಂದವನಿಗೇ ಅದರ ಕಾಟ ಜಾಸ್ತಿ. ಅವನಾದ ಮೇಲೆ ಇನ್ನೂರು ವರ್ಷಕ್ಕೆ ಪೋಪ್ ಒಂದನೇ ಗ್ರೆಗೊರಿ ಅದನ್ನು ಏಳು ಮುಖ್ಯ ಪಾಪಗಳ ಸಾಲಿನಿಂದಲೇ ಹೊರಗಿಟ್ಟು, ಏಳಕ್ಕೂ ಇದೇ ಬೇರು ಅಂದರು. ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಬರೆದ ನಿಯಮದ ಏಳನೇ ಅಧ್ಯಾಯದಲ್ಲಿ ಒಂದು ಏಣಿ ಇದೆ, ಹನ್ನೆರಡು ಮೆಟ್ಟಿಲಿನದು. ತನ್ನನ್ನು ತಾನು ಏರಿಸಿಕೊಂಡವನು ಅದರಲ್ಲಿ ಇಳಿಯುತ್ತಿರುತ್ತಾನೆ, ತಗ್ಗಿದವನು ಏರುತ್ತಿರುತ್ತಾನೆ. ಫಾದರ್ ಆಸ್ಪತ್ರೆಗೆ ಬಂದಾಗ ಇದನ್ನು ಹೇಳಿ, "ನಿಮ್ಮ ಏಣೀಲಿ ಎಷ್ಟು ಮೆಟ್ಟಿಲಿತ್ತು?" ಅಂತ ಕೇಳಿದರು. ಆಗ ನಗು ಬರಲಿಲ್ಲ. ಎಂಟಿತ್ತು ಫಾದರ್.

ಹನ್ನೆರಡನೇ ಶತಮಾನದ ಸಂತ ಬರ್ನಾರ್ಡರು ಇದೇ ಏಣಿಯನ್ನು ತಿರುಗಿಸಿ, ಗರ್ವಕ್ಕೂ ಹನ್ನೆರಡು ಮೆಟ್ಟಿಲು ಹೇಳಿದರು. ಮೊದಲನೆಯದು ಯಾವುದು ಗೊತ್ತಾ? ಕುತೂಹಲ. ಕಣ್ಣು ತನ್ನನ್ನು ಬಿಟ್ಟು ಸುತ್ತ ಇರುವವರ ಮೇಲೆ ಓಡಾಡುವುದು. ಚರ್ಚಿನಲ್ಲಿ ಬಲಿಪೂಜೆಯ ಹೊತ್ತಿಗೆ ಯಾರು ತಡವಾಗಿ ಬಂದರು, ಯಾರ ಶ್ರುತಿ ತಪ್ಪಿತು, ಯಾರು ಮೊಬೈಲ್ ನೋಡಿದರು, ಇದೆಲ್ಲಾ ನನಗೆ ಬಾಯಿಪಾಠವಾಗಿರುತ್ತಿತ್ತು. ಓದಿದ ವಾಕ್ಯ ಯಾವುದು ಅಂತ ಕೇಳಿದರೆ ತಡವರಿಸುತ್ತಿದ್ದೆ.

ಹಾಗೆ ನನ್ನ ಕಣ್ಣಿಗೆ ಬಿದ್ದ ಒಬ್ಬ ಹುಡುಗನನ್ನು ಎರಡು ವರ್ಷದ ಹಿಂದೆ ಗಾನವೃಂದದಿಂದ ಕಳಿಸಿಬಿಟ್ಟಿದ್ದೆ, ಎಲ್ಲರ ಮುಂದೆ. ಕೀಬೋರ್ಡಿನಲ್ಲಿ ತಾಳ ತಪ್ಪಿಸಿದ್ದಕ್ಕೆ. ಅವನು ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುವ ಮುಂಚೆ ಬಂದು ನನ್ನ ಗಡ್ಡ ತೆಗೆದ. ಗಂಟಲ ಮೇಲೆ ರೇಜರ್ ಇಟ್ಟು, "ಅಲ್ಲಾಡಬೇಡಿ ಸರ್, ತಾಳ ತಪ್ಪುತ್ತೆ" ಅಂದ ಒಂದು ದಿನ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಮಗನೇ, ಕ್ಷಮಿಸು. ಅವತ್ತು ನಗುವಿನಲ್ಲಿ ಹೇಳಲಾಗಲಿಲ್ಲ, ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಪಾಸ್ಕ ಹಬ್ಬಕ್ಕೆ (ಈಸ್ಟರ್) ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ನಲವತ್ತು ವರ್ಷದಿಂದ ನನ್ನ ಪಟ್ಟಿ ಒಂದೇ: ಸಿಟ್ಟು ಮಾಡಿದೆ, ಜಪಸರ ತಪ್ಪಿಸಿದೆ. ಈ ಸಲ ಬೇರೆ ಇತ್ತು. ಅಷ್ಟು ಸಾಕು.

ಪಾಸ್ಕಕ್ಕೆ ಒಂದು ವಾರ ಇರುವಾಗ, ಗರಿಗಳ ಭಾನುವಾರ, ಫಾದರ್ ಕರೆದು, "ಗುರುವಾರ ಈ ಸಲ ನೀವು ಬೆಂಚಿನ ಮೇಲೆ" ಅಂದರು. ಪವಿತ್ರ ಗುರುವಾರ ಹನ್ನೆರಡು ಜನರ ಕಾಲು ತೊಳೆಯುವಾಗ ಪ್ರತಿ ವರ್ಷ ಜಗ್ಗು, ಬೋಗುಣಿ ಹಿಡಿಯುವುದು ನನ್ನ ಕೆಲಸ. ಒಮ್ಮೆಯೂ ಕೂತವನಲ್ಲ. "ನನಗಿಂತ ದೊಡ್ಡವರಿದ್ದಾರೆ ಫಾದರ್, ಅವರನ್ನ ಕೂರಿಸಿ" ಅಂದೆ. ಅವರು ಸುಮ್ಮನೆ ನನ್ನನ್ನೇ ನೋಡಿದರು. ವೇಷ ಬೇರೆ, ಆಸಾಮಿ ಅದೇ. ಒಪ್ಪಿಕೊಂಡೆ.

ಏಪ್ರಿಲ್ 17. ಶೂ ಲೇಸ್ ಬಿಚ್ಚಲು ಆಗಲಿಲ್ಲ, ಅದೇ ಕೀಬೋರ್ಡ್ ಹುಡುಗ ಬಗ್ಗಿ ಬಿಚ್ಚಿದ. ನನ್ನ ಪಕ್ಕದಲ್ಲಿ ಸೊಪ್ಪಿನಮ್ಮ ಕೂತಿದ್ದರು. ಈ ವಿಧಿಯಲ್ಲಿ ಹೆಂಗಸರೂ ಕೂರಬಹುದು ಅಂತ ಪೋಪ್ ಫ್ರಾನ್ಸಿಸ್ 2016ರಲ್ಲಿ ನಿಯಮ ಬದಲಾಯಿಸಿದ್ದರಲ್ಲ. ನೀರು ತಣ್ಣಗಿತ್ತು. ಫಾದರ್ ನನ್ನ ಒಡೆದ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಒರೆಸುವಾಗ ಸೊಪ್ಪಿನಮ್ಮ ನನ್ನ ಕಿವಿಯಲ್ಲಿ, "ಹಳ್ಳೆಣ್ಣೆ ಹಚ್ಚಿ ಮೇಷ್ಟ್ರೇ, ರಾತ್ರಿ ಹೊತ್ತು" ಅಂದರು.

ಅದೇ ದಿನ ರೋಮಿನ ರೆಜಿನಾ ಚೇಲಿ ಜೈಲಿಗೆ ಪೋಪ್ ಫ್ರಾನ್ಸಿಸ್ ಹೋಗಿದ್ದರು. ಪ್ರತಿ ವರ್ಷ ಕಾಲು ತೊಳೆಯುತ್ತಿದ್ದವರಿಗೆ ಈ ವರ್ಷ ಆಗಲಿಲ್ಲ. ಐದು ವಾರ ಆಸ್ಪತ್ರೆಯಲ್ಲಿದ್ದು ಬಂದ ಮೈ. ಆಗುವುದಿಲ್ಲ ಅಂತ ಕೈದಿಗಳ ಮುಂದೆಯೇ ಹೇಳಿದರು, ಆದರೂ ನಿಮ್ಮ ಹತ್ತಿರ ಇರಲು ಬಂದೆ ಅಂದರು. ನಾಲ್ಕು ದಿನಕ್ಕೆ, ಏಪ್ರಿಲ್ 21ರಂದು, ತೀರಿಕೊಂಡರು. ಗಾಲಿಕುರ್ಚಿಯಲ್ಲಿ ಕೂತ ಆ ಫೋಟೋ ನನ್ನ ಮೊಬೈಲ್‌ನಲ್ಲಿದೆ.

ಇನ್ನುಳಿದವರಿಗೆ ಕೃತಜ್ಞತೆ ಬೇಗ ಬೇಗ ಹೇಳುತ್ತೇನೆ, ಬೆರಳು ನೋಯುತ್ತಿದೆ. ಬಿದ್ದ ದಿನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ವೈಕುಂಠ ಏಕಾದಶಿಯ ಉಪವಾಸದ ದಿನವೂ ನನಗೆ ಇಡ್ಲಿ ತಿನ್ನಿಸಿ ಹೋದ ಎದುರು ಮನೆಯ ಅಣ್ಣ ಅತ್ತಿಗೆಗೆ. ಒದ್ದೆ ಟವೆಲ್ ಹಿಂಡು, ಹಿಂಡು ಅಂತ ದಿನಾ ಪೀಡಿಸಿದ ಫಿಸಿಯೋಥೆರಪಿ ಹುಡುಗಿಗೆ. ನಾನಿಲ್ಲದೆ ಕ್ರಿಸ್ಮಸ್, ಪಾಸ್ಕ ಎರಡಕ್ಕೂ ಹಾಡಿದ ಗಾನವೃಂದಕ್ಕೆ. ಮೊದಲಿಗಿಂತ ಚೆನ್ನಾಗಿತ್ತು ಅಂತ ನಾಲ್ಕು ಜನ ಹೇಳಿದರು. ಕೇಳಿ ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ಮನೆಯಲ್ಲಿ ನಿಮ್ಮೆಲ್ಲರ ಹನ್ನೊಂದು ಡಬ್ಬಿ ಉಳಿದುಕೊಂಡಿವೆ. ಎರಡರ ಮೇಲೆ ಹೆಸರು ಕೆತ್ತಿಸಿದ್ದಾರೆ, ಒಂದರ ತಳಕ್ಕೆ ಕೆಂಪು ನೇಲ್ ಪಾಲಿಶ್ ಗುರುತಿದೆ, ಉಳಿದವು ಯಾರದೋ ಗೊತ್ತಿಲ್ಲ. ಯಾರ ಪಾತ್ರೆಯನ್ನೂ ಖಾಲಿ ವಾಪಸ್ ಕೊಟ್ಟವನಲ್ಲ ನಾನು, ಸಕ್ಕರೆಯಾದರೂ ಹಾಕಿ ಅವತ್ತೇ ತೀರಿಸಿಬಿಡುತ್ತಿದ್ದೆ. ಈ ಸಲ ತೊಳೆದು ಜಗಲಿ ಮೇಲೆ ಸಾಲಾಗಿ ಇಟ್ಟಿದ್ದೇನೆ, ಖಾಲಿಯಾಗಿಯೇ. ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ. ಬಂದು ತಗೊಂಡು ಹೋಗಿ.