ಟ್ರಿಗರ್ ಕೆಲಸ ಕೆಡಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಬಂದೂಕು ರಿಪೇರಿ ವಿಭಾಗ

ವಿಷಯ: ಪಾಯಿಂಟ್ 22 ಸೆಮಿ ಆಟೋಮ್ಯಾಟಿಕ್ ಸ್ಪೋರ್ಟ್ ಪಿಸ್ತೂಲಿನ ಟ್ರಿಗರ್ ಸರ್ವೀಸ್

ಮಾನ್ಯರೇ,

ಜಾಬ್ ಕಾರ್ಡಿನಲ್ಲಿ ನಾವು ಬರೆಸಿದ್ದು ಇಷ್ಟೇ: ಹಳೆಯ ಗ್ರೀಸ್ ತೆಗೆಯಿರಿ, ಟ್ರಿಗರ್ ಎಳೆತದ ಮೊದಲ ಹಂತ 750 ಗ್ರಾಂ, ಎರಡನೆಯದು 290, ಒಟ್ಟು 1040ಕ್ಕೆ ಹೊಂದಿಕೆ ಸ್ಕ್ರೂನಲ್ಲೇ ಕೂರಿಸಿ, ಉಜ್ಜುವ ಕೆಲಸ ಬೇಡ. ಕೈಗೆ ಬಂದಿರುವುದು ಸ್ಪರ್ಧೆಗೂ ಒದಗದ, ರೇಂಜಿನಲ್ಲಿ ಲೋಡ್ ಮಾಡಲೂ ಅಂಜಿಕೆಯಾಗುವ ಪಿಸ್ತೂಲು.

25 ಮೀಟರ್ ಸ್ಪರ್ಧೆಗೆ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಂತೆ ಟ್ರಿಗರ್ ತೂಕ (ಎಳೆಯಲು ಬೇಕಾದ ಬಲ) 1000 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ನಿಮ್ಮ ಚೀಟಿಯಲ್ಲಿ 1045 ಎಂದಿದೆ. ನಳಿಗೆಯನ್ನು ನೆಟ್ಟಗೆ ಮೇಲ್ಮುಖ ಹಿಡಿದು, 1000 ಗ್ರಾಂ ಬಟ್ಟನ್ನು ಟ್ರಿಗರಿನ ನಡುಭಾಗಕ್ಕೆ ನೇತುಹಾಕಿ ಎತ್ತಿದರೆ ಮೂರಕ್ಕೆ ಮೂರು ಸಲವೂ ಹ್ಯಾಮರ್ (ಗುಂಡು ಸಿಡಿಸಲು ಪೆಟ್ಟು ಕೊಡುವ ಭಾಗ) ಬಿತ್ತು. ಈ ವ್ಯತ್ಯಾಸಕ್ಕೆ ಕಾರಣ ನೀವೇ ಕಳಿಸಿದ ಫೋಟೋದಲ್ಲಿದೆ: ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಟ್ರಿಗರಿನ ಮೇಲ್ತುದಿಯಲ್ಲಿ, ಅದು ತಿರುಗುವ ಪಿನ್ನಿಗೆ ಅಂಟಿಕೊಂಡಂತಿದೆ. ಪಿನ್ನಿಗೆ ಹತ್ತಿರವಾದಷ್ಟೂ ಎಳೆಯಲು ಹೆಚ್ಚು ಬಲ ಬೇಕು, ಹಾಗಾಗಿ ತಕ್ಕಡಿ ಹೆಚ್ಚು ತೋರಿಸುತ್ತದೆ. ಸ್ಪರ್ಧೆಯ ತಪಾಸಣೆಯಲ್ಲಿ ಸ್ಪ್ರಿಂಗ್ ತಕ್ಕಡಿ ಬಳಸುವುದೇ ಇಲ್ಲ.

ಇದಕ್ಕಿಂತ ದೊಡ್ಡ ಪ್ರಮಾದ ಹ್ಯಾಮರನ್ನು ತಡೆಹಿಡಿಯುವ ತುಣುಕಾದ ಸಿಯರ್‌ನದು. ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ಸಿಯರ್ ಮೂತಿ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಅಂಚು ಸವೆದು ದುಂಡಗಾಗಿದೆ. ಬಫಿಂಗ್ ಚಕ್ರ ಹಿಡಿದರೆ ಆಗುವುದೇ ಇದು. ಅಲ್ಲಿ ಬೇಕಾದದ್ದು ಹೊಳಪಲ್ಲ, ಚೂಪಾದ, ಚೌಕವಾದ ಅಂಚು. ದುಂಡಗಾದ ಅಂಚು ಹ್ಯಾಮರಿನ ಕಚ್ಚಿನಿಂದ ಒಮ್ಮೆಗೇ ಬಿಡದೆ ಜಾರುತ್ತ ಬರುವುದರಿಂದ ಎರಡನೇ ಹಂತ ಹಿಟ್ಟಿನಲ್ಲಿ ಬೆರಳಾಡಿಸಿದಂತಿದೆ, ಹ್ಯಾಮರ್ ಎಲ್ಲಿ ಬಿಡುತ್ತದೆಂಬ ಅಂದಾಜೇ ಸಿಗದು. ಮೇಲ್ಮೈಯ ಗಡಸು ಪದರ ಹೋಗಿದ್ದರೆ ಇನ್ನೂ ಬೇಗ ಸವೆಯುತ್ತದೆ. ಖಾಲಿ ಪಿಸ್ತೂಲಿನ ಬೋಲ್ಟನ್ನು ಹಿಂದಕ್ಕೆಳೆದು ಬಿಟ್ಟರೆ ಹತ್ತರಲ್ಲಿ ಎರಡು ಸಲ ಹ್ಯಾಮರ್ ನಿಲ್ಲದೆ ಬೋಲ್ಟಿನ ಜೊತೆಗೇ ಬೀಳುತ್ತಿದೆ. ಗುಂಡು ತುಂಬಿದ್ದರೆ? ಇದನ್ನು ಪರೀಕ್ಷಿಸದೆ ಬಿಲ್ಲಿನಲ್ಲಿ ‘ಟ್ರಿಗರ್ ಸ್ಮೂತ್’ ಎಂದು ಬರೆದಿದ್ದೀರಿ.

ತೂಕ ಇಳಿದದ್ದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಹ್ಯಾಮರ್ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಲಾಗಿದೆ, ತುದಿಯಲ್ಲಿ ಗ್ರೈಂಡರ್ ಗುರುತಿದೆ. ಸಿಯರ್ ಮೇಲಿನ ಒತ್ತಡ ತಗ್ಗಿ ಎಳೆತ ಹಗುರವಾಯಿತು, ಪೆಟ್ಟೂ ಹಗುರವಾಯಿತು. ರಿಮ್‌ಫೈರ್ ಗುಂಡಿನಲ್ಲಿ ಸಿಡಿಮದ್ದು ಅಂಚಿನ ಮಡಿಕೆಯೊಳಗಿರುತ್ತದೆ, ಅದು ಗಟ್ಟಿ ಏಟು ಕೇಳುತ್ತದೆ. ಸಿಯರ್ ದೋಷ ಕಾಣುವ ಮೊದಲು ಒಂದೊಂದೇ ಗುಂಡು ತುಂಬಿ ಹಾರಿಸಿದ 50ರಲ್ಲಿ 4 ಸಿಡಿಯಲಿಲ್ಲ, ಫೈರಿಂಗ್ ಪಿನ್ನಿನ ಗುರುತು ಉಗುರು ತಾಗಿದಷ್ಟೇ ಇತ್ತು. ಅದೇ ಪೆಟ್ಟಿಗೆಯ ಗುಂಡು ಬೇರೆ ಪಿಸ್ತೂಲಿನಲ್ಲಿ ಒಂದೂ ತಪ್ಪಲಿಲ್ಲ.

ಟ್ರಿಗರ್ ಸ್ಟಾಪ್ ಸ್ಕ್ರೂಗೆ (ಎಳೆತ ಎಲ್ಲಿ ನಿಲ್ಲಬೇಕೆಂದು ಹೊಂದಿಸುವ ಸ್ಕ್ರೂ) ಬಿಚ್ಚಬಹುದಾದ ನೀಲಿ ಅಂಟಿನ ಬದಲು ಕೆಂಪು ಲಾಕ್‌ಟೈಟ್ ಹಾಕಿದ್ದೀರಿ. ಬಿಸಿ ಮಾಡದೆ ಬಿಚ್ಚಲಾಗದು, ಪಕ್ಕದಲ್ಲೇ ಸ್ಪ್ರಿಂಗ್ ಇರುವಾಗ ಬಿಸಿ ಮಾಡುವಂತೆಯೂ ಇಲ್ಲ.

ನಮ್ಮ ಬೇಡಿಕೆ: ಸಿಯರ್, ಹ್ಯಾಮರ್, ಹ್ಯಾಮರ್ ಸ್ಪ್ರಿಂಗ್, ಸ್ಟಾಪ್ ಸ್ಕ್ರೂ ನಾಲ್ಕನ್ನೂ ತಯಾರಕರ ಮೂಲ ಬಿಡಿಭಾಗದಿಂದ ನಿಮ್ಮ ಖರ್ಚಿನಲ್ಲೇ ಬದಲಿಸಬೇಕು. ಸಿಯರ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಬೇಡಿ, ಕೆಟ್ಟ ಸಿಯರ್ ಜೊತೆ ಓಡಿದ ಹ್ಯಾಮರಿನ ಕಚ್ಚೂ ನಂಬಿಕೆಗೆ ಯೋಗ್ಯವಲ್ಲ. ತೆಗೆದ ಭಾಗಗಳು ನಮಗೆ ವಾಪಸ್ ಬರಬೇಕು, ಮಜೂರಿ ಪೂರ್ತಿ ಹಿಂದಿರುಗಬೇಕು. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಬಿಲ್, ಫೋಟೋ, ಜಾಬ್ ಕಾರ್ಡ್ ಸಮೇತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಮರುಜೋಡಣೆಯ ನಂತರದ ತೂಕ ಪರೀಕ್ಷೆ ನಮ್ಮೆದುರೇ ಆಗಬೇಕು. ಬಟ್ಟು ನಾವೇ ತರುತ್ತೇವೆ.

ಇಂತಿ,
ಶಸ್ತ್ರಾಗಾರ ಸಮಿತಿ, ಶೂಟಿಂಗ್ ಕ್ಲಬ್